ದಾವೂದ್ ಮಿಸ್ತ್ರಿಯ ಕಿವಿ

ದಾವೂದ್ ಮಿಸ್ತ್ರಿ ಮೋಟಾರನ್ನು ನೋಡುವ ಮೊದಲು ಡ್ರೈವರನ ಬಾಯಿ ನೋಡುತ್ತಿದ್ದ. ಅದು ನಿಜಾಮರ ಕಾಲ. ಯುದ್ಧ ನಡೆದಿತ್ತು, ಹೊಸ ಸಾಮಾನು ಸಿಗುತ್ತಿರಲಿಲ್ಲ. ಕಲ್ಯಾಣದಿಂದ ಹುಮನಾಬಾದಿಗೆ ಸರ್ವಿಸ್ ಮೋಟಾರು ಓಡಿಸುತ್ತಿದ್ದ ನನಗೆ ಹುಮನಾಬಾದಿನ ಅವನ ತಗಡಿನ ಶೆಡ್ಡೇ ಗತಿ. ಅಂಥ ಸೊಕ್ಕಿನ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

"ಬ್ರೇಕ್ ಒತ್ತಿದ್ರ ಹ್ಯಾಂಗ ಅಂತದ? ಬಾಯಿಲೆ ಮಾಡಿ ತೋರ್ಸು," ಎನ್ನುತ್ತಿದ್ದ. ಕಿರ್ ಎಂದರೆ ಬ್ರೇಕಿನ ಪಟ್ಟಿ ಸವೆದಿದೆ. ತಿರುವಿನಲ್ಲಿ ಕಟ್ ಕಟ್ ಎಂದರೆ ಸ್ಟೇರಿಂಗಿನ ಕೀಲು ಸಡಿಲ. ಆಮೇಲೆ ಸ್ಟೇರಿಂಗ್ ತಿರುಗಿಸಲು ಹೇಳಿ ಗಾಲಿಯ ಮೇಲೆ ಅಂಗೈ ಇಡುತ್ತಿದ್ದ, ನಾಡಿ ನೋಡುವ ಮಹಾ ವೈದ್ಯ! ಒಮ್ಮೆ ಸಂತೆಯ ದಿನ, ನನ್ನ ಮಾವನ ಎದುರಿಗೇ, "ಆಗ ಕಿರ್ ಅಂದಿ, ಈಗ ಕರ್ ಅನ್ನಾಕತ್ತಿ. ಗಾಡಿ ಹೊಡಿತಿಯೊ, ಆಡು ಕಾಯ್ತಿಯೊ?" ಎಂದ. ಸಂತೆಗೆ ಬಂದವರೆಲ್ಲ ನಕ್ಕರು. ನನ್ನ ಮೈ ಉರಿದುಹೋಯಿತು.

ಅವನ ಗುಟ್ಟು ರಟ್ಟು ಮಾಡಿದವನು ನಾನೇ. ಒಂದು ದಿನ ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದವನನ್ನು ಎರಡು ಸಲ ಕೂಗಿದೆ. ನಟ್ಟು ಬಿಚ್ಚುವ ದಪ್ಪ ಪಾನಾವನ್ನು ಅವನ ಹಿಂದಿನ ಕಲ್ಲಿನ ಮೇಲೆ ಠಣ್ಣನೆ ಎತ್ತಿಹಾಕಿದೆ. ಆಗಲೂ ತಿರುಗಲಿಲ್ಲ.

"ಇಂವ ಕಿವುಡ ಅದಾನ್ರೋ! ಕಿವುಡನ ಮುಂದ ಇಷ್ಟು ದಿನ ಕತ್ತೆಹಂಗ ಒದರೀವಿ!" ಎಂದು ಉಳಿದ ಡ್ರೈವರರನ್ನು ಕರೆದೆ.

ಕೊನೆಗೆ ತಿರುಗಿ ನಮ್ಮ ನಗು ಕಂಡೊಡನೆ ಅವನಿಗೆ ತಿಳಿಯಿತು. "ಕೇಳ್ಸಲ್ಲ, ಖರೆ. ತುಟಿ ನೋಡಿ ಮಾತು ತಿಳ್ಕೋತೀನಿ. ನಾ ಮುಟ್ಟಿದ ಗಾಡಿ ಯಾವುದಾರ ದಾರ್ಯಾಗ ನಿಂತದೇನು, ಹೇಳ್ರಿ," ಎಂದ. ಹಾಗೆ ನಿಂತ ಗಾಡಿ ಒಂದೂ ಇರಲಿಲ್ಲ. ಆದರೂ ಮಾರನೆಯ ದಿನದಿಂದ ನಾವೆಲ್ಲ ಎರಡೂ ಕಿವಿ ನೆಟ್ಟಗಿದ್ದ ಹೊಸ ಮಿಸ್ತ್ರಿಯ ಬಳಿ ಹೋದೆವು. ತಿಂಗಳೊಳಗೆ ಶೆಡ್ಡಿಗೆ ಬೀಗ ಬಿತ್ತು. ದಾವೂದ್ ನಿರ್ಣಾದಲ್ಲಿ ಮಗಳ ಮನೆ ಸೇರಿದ. ನಾನು ಗೆದ್ದೆನೆಂದು ಬೀಗಿದೆ.

ಆಮೇಲೆ ನನ್ನ ಗಾಡಿ ಎಡಕ್ಕೆ ತಿರುಗಿದಾಗ ಕಟ್ ಎನ್ನತೊಡಗಿತು. ಹೊಸಬ ಕಿವಿಗೊಟ್ಟು ಕೇಳಿ, "ಏನಿಲ್ರಿ, ಮಣ್ಣು ಕುಂತದ," ಎಂದು ನೀರು ಸುರಿದ. ಅವನೂ ಒಬ್ಬ ಮಿಸ್ತ್ರಿ! ಮೂರನೆಯ ದಿನ ಸ್ಟೇರಿಂಗಿನ ಕೀಲು ಕಳಚಿ, ಜನ ತುಂಬಿದ ಗಾಡಿ ಜೋಳದ ಹೊಲಕ್ಕೆ ನುಗ್ಗಿತು. ಯಾರೂ ಸಾಯಲಿಲ್ಲ, ಅದು ನನ್ನ ಪುಣ್ಯ.

ನಿರ್ಣಾಕ್ಕೆ ಹೋದೆ. ದಾವೂದ್ ಅಂಗಳದಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದ. ಎದುರಿಗೆ ನಿಂತು, ನಾಚಿಕೆ ಬಿಟ್ಟು, "ತಪ್ಪಾಯ್ತು ಉಸ್ತಾದ್. ಶೆಡ್ಡು ತೆಗೀರಿ, ಎಲ್ಲಾರ್ನೂ ನಾನೇ ಕರ್ಕೊಂಡು..." ಎಂದೆ.

ಮಾತು ಮುಗಿಯುವ ಮೊದಲೇ ಅವನು ಕಣ್ಣು ಮುಚ್ಚಿಕೊಂಡ. ನಾನು ಅಂಗಳ ದಾಟುವವರೆಗೂ ತೆರೆಯಲಿಲ್ಲ.