ನಾಲ್ಕು ಅಳತೆ ಮದ್ದು

ಹೋದ ವರ್ಷದ ಚಳಿಗಾಲದಲ್ಲಿ ನಾನು ಒಂದು ಜಿಂಕೆಗೆ ಗುಂಡು ಹೊಡೆದೆ. ಅದು ಸಿಗಲಿಲ್ಲ. ಬಿದ್ದ ಎಲೆಗಳ ಮೇಲೆ ಒಂದು ಚಿಟಿಕೆ ಕಂದು ಕೂದಲು, ಕಡಲೆಕಾಳಿನ ಗಾತ್ರದ ಆರೇಳು ರಕ್ತದ ಹನಿ, ಮುಂದೆ ಯಾರೋ ಹಿಂದಿನ ಕಾಲದ ರೈತರು ಕಟ್ಟಿ ಬಿಟ್ಟುಹೋದ ಕಲ್ಲಿನ ಗೋಡೆ. ಗೋಡೆಯಾಚೆ ಏನೂ ಇರಲಿಲ್ಲ. ಬೇಟೆಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ ಮನ್ರೋ ಎಂಬ ಊರಿನ ಅಂಕಲ್ ಮತ್ತು ನಾನು ಬೆಳಕಿರುವವರೆಗೆ ಹುಡುಕಿದೆವು. ಮರುದಿನವೂ ಹೋಗಿ ಹುಡುಕಿದೆವು.

ಆ ಕ್ಷಣ ನನಗೆ ಸ್ಪಷ್ಟವಾಗಿ ನೆನಪಿದೆ. ದೂರ ಎಪ್ಪತ್ತು ಗಜ. ಕೋವಿಯ ಮೇಲಿನ ದುರ್ಬೀನಿನ ಗೆರೆ ಜಿಂಕೆಯ ಭುಜದ ಹಿಂದೆ ಅಲುಗದೆ ನಿಂತಿತ್ತು. ಹೀಗೆ ಬರೆಯುವಾಗಲೇ ಅನುಮಾನ ಬರುತ್ತದೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ, ಈಗ ಅಮೆರಿಕದ ಸಮರ್‌ಸೆಟ್ಟಿನ ಆಫೀಸಿನಲ್ಲಿ ಬೇರೆಯವರ ಪ್ರಯೋಗಗಳ ಅಂಕಿಗಳಲ್ಲಿ ತಪ್ಪು ಹುಡುಕಿ ಬದುಕುವವನು ನಾನು. ಗುಂಡು ತಪ್ಪಿದ ಮೇಲೆ ‘ಕೈ ಅಲುಗಲಿಲ್ಲ’ ಎಂದು ಹೇಳುವ ನೆನಪನ್ನು ಬೇರೆ ಯಾರಾದರೂ ಸಾಕ್ಷಿಯಾಗಿ ತಂದಿದ್ದರೆ ವಾಪಸು ಕಳಿಸುತ್ತಿದ್ದೆ.

ತಪ್ಪು ಕೋವಿಯದೋ ನನ್ನದೋ ಗೊತ್ತಾಗಬೇಕಿತ್ತು. ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದಾಗ ಆ ಗೋಡೆ ಕಾಣುತ್ತಿತ್ತು. ಊಟದ ನಡುವೆ ಎದ್ದು ಹೋಗಿ ಕಿಟಕಿಯ ಹತ್ತಿರ ನಿಲ್ಲುತ್ತಿದ್ದೆ. ಕೊನೆಗೆ ನನಗೆ ನಾನೇ ಒಂದು ನಿಯಮ ಹಾಕಿಕೊಂಡೆ: ಮುಂದಿನ ಸೀಸನ್‌ಗೆ ಮೊದಲು ಮೂರು ಶನಿವಾರ, ತಣ್ಣಗಿನ ಶುಭ್ರ ನಳಿಗೆಯಿಂದ, ದಿನಕ್ಕೆ ಒಂದೇ ಗುಂಡು. ನೂರು ಗಜದಲ್ಲಿ ಮೂರೂ ಗುರಿಯ ಸುತ್ತ ಒಂದು ಸಾಸರಿನ ಅಗಲದಲ್ಲಿ ಬೀಳಬೇಕು. ಬೀಳದಿದ್ದರೆ ನಾನು ಕಾಡಿನಲ್ಲಿ ಕೋವಿ ಹಿಡಿಯುವ ಹಾಗಿಲ್ಲ.

“ಬರೆದು ಫ್ರಿಜ್ ಮೇಲೆ ಅಂಟಿಸಿ,” ಎಂದಳು ಹೆಂಡತಿ. “ನಿಮ್ಮ ಮೆಮೊರಿನ ನೀವೇ ನಂಬಲ್ಲ, ನಾನ್ಯಾಕ್ರೀ ನಂಬಲಿ?”

ಬರೆದು ಅಂಟಿಸಿದೆ.

ನ್ಯೂ ಜೆರ್ಸಿಯಲ್ಲಿ ಜಿಂಕೆಗೆ ಸಾಮಾನ್ಯ ರೈಫಲ್ ಬಳಸುವಂತಿಲ್ಲ. ಶಾಟ್‌ಗನ್, ಬಿಲ್ಲು, ಇಲ್ಲವೇ ಬಾಯಿಯಿಂದ ತುಂಬುವ ಕೋವಿ. ಈ ಕೊನೆಯದರಲ್ಲಿ ನಳಿಗೆಯ ಬಾಯಿಗೆ ಮದ್ದು ಸುರಿದು, ಮೇಲೆ ಗುಂಡು ಇಟ್ಟು, ಗಜ ಎಂದೇ ಕರೆಯುವ ಉದ್ದ ಸಲಾಕೆಯಿಂದ ತಳದವರೆಗೆ ದೂಡಬೇಕು. ಒಂದು ಸಲಕ್ಕೆ ಒಂದೇ ಈಡು. ಹುಣಸೂರಿನ ಆಚೆ ನನ್ನ ಸೋದರಮಾವನ ಹತ್ತಿರ ರಾಗಿ ಹೊಲಕ್ಕೆ ಬರುವ ಹಂದಿ ಓಡಿಸಲು ಲೈಸೆನ್ಸಿನ ಕೇಪಿನ ಕೋವಿ ಇತ್ತು. ಅದೂ ಇದೇ ಜಾತಿಯದು. ಹೋದ ವರ್ಷ ಕೋವಿ ಕೊಳ್ಳಲು ಹೋದಾಗ ಅಂಗಡಿಯಲ್ಲಿ ಮೊದಲು ನನ್ನ ಕೈ ಹೋದದ್ದು ಅದರಂತೆಯೇ ಇದ್ದ ಹಳೆಯ ಮಾದರಿಯ ಮೇಲೆ, ಸಿಡಿಯುವ ಪುಟ್ಟ ಕೇಪಿಗೆ ಬಡಿಯುವ ಕುದುರೆ ಪಕ್ಕದಲ್ಲಿ ಇರುವುದರ ಮೇಲೆ.

“ಅದನ್ನ ಕೆಳಗಿಡೋ ತಮ್ಮಾ,” ಎಂದರು ಅಂಕಲ್. ಅವರು ಧಾರವಾಡದ ಕಡೆಯವರು, ನಲವತ್ತು ವರ್ಷ ಇಲ್ಲಿ ಲೇತ್ ಮಷೀನಿನ ಮುಂದೆ ನಿಂತು ರಿಟೈರ್ ಆದವರು. “ನಿಮ್ಮ ಮಾವನ್ನ ಖರೀದಿ ಮಾಡಾಕ ಬಂದೀಯೋ, ಬಂದೂಕ ಖರೀದಿ ಮಾಡಾಕ ಬಂದೀಯೋ?”

ಅವರು ನಳಿಗೆಯೊಳಗಿನ ತಿರುಚು ಗೀರುಗಳನ್ನು ವಿವರಿಸಿದರು. ಅರವತ್ತಾರು ಇಂಚಿಗೆ ಒಂದು ಸುತ್ತು ತಿರುಗುವ ಗೀರು ಬಟ್ಟೆ ಸುತ್ತಿದ ಉರುಟು ಗುಂಡಿಗೆ ಸರಿ. ಇಪ್ಪತ್ತೆಂಟು ಇಂಚಿಗೆ ಒಂದು ಸುತ್ತು ತಿರುಗುವುದು ಉದ್ದ ಗುಂಡಿಗೆ ಸರಿ. ಗುಂಡು ಯಾವುದೆಂದು ಮೊದಲು ನಿರ್ಧರಿಸು, ಕೋವಿ ಆಮೇಲೆ, ಎಂದರು. ನಾನು ಉದ್ದ ಗುಂಡು ಆರಿಸಿದೆ, ಅದಕ್ಕೆ ತಕ್ಕ ಹೊಸ ಮಾದರಿಯ ಕೋವಿ ಕೊಂಡೆ. ಆದರೆ ಮದ್ದಿನ ವಿಷಯದಲ್ಲಿ ಅವರ ಮಾತು ಕೇಳಲಿಲ್ಲ. ಅವರು ಗುಳಿಗೆಯಂತೆ ಬರುವ ಮದ್ದು ಎಂದರು, ನಾನು ಪುಡಿ ಮದ್ದೇ ಎಂದೆ. ಪುಡಿಯಾದರೆ ಹೆಚ್ಚು ಕಡಿಮೆ ಮಾಡಿ ನೋಡಬಹುದು ಎಂಬುದು ನಾನು ಕೊಟ್ಟ ಕಾರಣ. ನಿಜವಾದ ಕಾರಣ ಒಂದು ಚಿತ್ರ: ಮಾವ ಜಗಲಿಯಲ್ಲಿ ಕೂತು ಹಿತ್ತಾಳೆಯ ಪುಟ್ಟ ಅಳತೆಯಲ್ಲಿ ಮದ್ದು ಅಳೆದು, ಮೊದಲನೆಯದಕ್ಕೆ ಒಂದು ಎನ್ನದೆ ‘ಲಾಭ’ ಎಂದು ಕೋವಿಗೆ ಸುರಿಯುತ್ತಿದ್ದದ್ದು. ಲಾಭ, ಎರಡು, ಮೂರು. ಧಾನ್ಯ ಅಳೆಯುವಾಗ ನಮ್ಮ ಕಡೆ ಎಲ್ಲರೂ ಎಣಿಸುವುದು ಹಾಗೆಯೇ.

ಈ ಬೇಸಿಗೆಯಲ್ಲಿ ಕೋವಿಯನ್ನು ಹದಕ್ಕೆ ತರಲು ಕೂತೆ. ಕೂತೆ ಎನ್ನುವುದು ಸುಳ್ಳು. ಗುರಿ ಅಭ್ಯಾಸದ ರೇಂಜಿನಲ್ಲಿ, ಬೆಂಚಿನ ಮೇಲಿನ ಮರಳಚೀಲಕ್ಕೆ ಕೋವಿ ಒರಗಿಸಿ, ಒಂದು ಗುಂಡು ಹೊಡೆದು ಎದ್ದು ಓಡಾಡಿ, ಇನ್ನೊಂದು ಹೊಡೆದು ಮತ್ತೆ ಓಡಾಡುತ್ತಿದ್ದೆ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಬೇಕು ಎಂಬುದು ನನ್ನ ವಿದ್ಯೆ ಕಲಿಸಿದ ಮೊದಲ ಪಾಠ, ಅದನ್ನು ಪಾಲಿಸಿದೆ. ಪ್ರತಿ ಗುಂಡಿನ ನಂತರ ನಳಿಗೆಗೆ ಒಂದು ಒದ್ದೆ ಬಟ್ಟೆ, ಎರಡು ಒಣ ಬಟ್ಟೆ. ಗುಂಡು ಪ್ರತಿ ಸಲವೂ ಮದ್ದಿನ ಮೇಲೆ ಒಂದೇ ಬಿಗಿಯಲ್ಲಿ ಕೂರಬೇಕು, ಗಜದ ಮೇಲಿನ ಗುರುತು ನಳಿಗೆಯ ಬಾಯಿಗೆ ಸರಿಯಾಗಿ ಬರಬೇಕು. ಮದ್ದು ಮೂರು ಅಳತೆಯಾದರೆ ತೂತುಗಳು ಚದುರಿದವು. ಐದು ಅಳತೆಯಾದರೆ ನಾಲ್ಕು ಬೆರಳು ಮೇಲೆ, ಸ್ವಲ್ಪ ಎಡಕ್ಕೆ ಬಿದ್ದವು. ನಾಲ್ಕು ಅಳತೆಗೆ ಮೂರು ಗುಂಡೂ ಒಂದಕ್ಕೊಂದು ತಾಗಿಕೊಂಡು ಬಿದ್ದವು. ನೋಟ್‌ಬುಕ್ಕಿನಲ್ಲಿ ನಾಲ್ಕಕ್ಕೆ ವೃತ್ತ ಹಾಕಿದೆ.

ಅಲ್ಲಿಂದ ಗ್ರಹಚಾರ ಶುರುವಾಯಿತು. ಮನೆಯಲ್ಲೇ ಮದ್ದು ಅಳೆದು, ಹೆಂಡತಿಯ ಹೋಮಿಯೋಪತಿ ಗುಳಿಗೆಗಳ ಖಾಲಿ ಬಿಳಿ ಶೀಸೆಗಳಲ್ಲಿ ತುಂಬಿಕೊಂಡು ಹೋಗುತ್ತಿದ್ದೆ. ಒಂದು ಶೀಸೆಗೆ ಒಂದು ಈಡು. ಎರಡು ಗುಂಡು ಸರಿಯಾಗಿ ಬಿದ್ದರೆ ಮೂರನೆಯದು ಮೇಲೆ ಹೋಗುತ್ತಿತ್ತು. ಇನ್ನೊಂದು ದಿನ ಐದೂ ಸರಿ. ಮತ್ತೊಂದು ದಿನ ಮೊದಲನೆಯದೇ ಮೇಲೆ. ದುರ್ಬೀನಿನ ಸ್ಕ್ರೂ ಬಿಗಿ ಮಾಡಿದೆ. ಕೇಪು ಬದಲಿಸಿದೆ. ಗುಂಡು ಬದಲಿಸಿದೆ. ಗಾಳಿಯನ್ನು ಬೈದೆ. ಹೋದ ವರ್ಷವೂ ಇದೇ ಶೀಸೆಗಳು, ಅಂದಾಜಿಗೆ ಹಾಕಿದ್ದೂ ಇದೇ ನಾಲ್ಕು ಅಳತೆ ಎಂಬುದು ತಲೆಯಲ್ಲಿ ಗುಂಯ್‌ಗುಡುತ್ತಿತ್ತು.

ಸೆಪ್ಟೆಂಬರಿನ ಒಂದು ಭಾನುವಾರ ಅಂಕಲ್ ನಮ್ಮ ಗ್ಯಾರೇಜಿಗೆ ಬಂದರು. ಹೆಂಡತಿ ಕೊಟ್ಟ ಚಹಾ ಹಿಡಿದು ಬಾಗಿಲ ಹೊರಗೇ ಕುರ್ಚಿ ಹಾಕಿಕೊಂಡು ನಾನು ಶೀಸೆ ತುಂಬುವುದನ್ನು ನೋಡಿದರು. ನಾಲ್ಕನೇ ಶೀಸೆಗೆ ಬಂದಾಗ ಲೋಟ ಕೆಳಗಿಟ್ಟರು.

“ಇದರಾಗ ಎಷ್ಟು ಹಾಕಿದಿ?”

“ನಾಲ್ಕು.”

“ಐದು ಹಾಕಿದಿ.”

“ಇಲ್ಲ ಅಂಕಲ್, ಎಣಿಸಿದೀನಿ.”

“ಎಣಿಸಿದ್ದು ನಾನೂ ಕೇಳೀನಲ್ಲೋ. ಮೊದಲ ಶೀಸಿಗೆ ಲಾಭ, ಎರಡು, ಮೂರು, ನಾಕು ಅಂದಿ. ಆಮ್ಯಾಲೆ ಈ ಶೀಸಿಗೆ ಬಂದಾಗ ನಿನ್ನ ಹೆಂಡತಿ ‘ಇನ್ನೊಂದು ಚಹಾ ಬೇಕಾ’ ಅಂತ ಕೇಳಿದ್ಲು, ನೀ ಬ್ಯಾಡ ಅಂದಿ, ಲಾಭ ಅಂದಿ, ಒಂದು ಅಂದಿ, ಎರಡು, ಮೂರು, ನಾಕು ಅಂದಿ. ಅಲ್ಲಿಗೆ ಐದು ಆತು. ನೀ ಯೂನಿವರ್ಸಿಟಿಯೊಳಗ ಏನ್ ಓದಿದ್ದೆಪಾ? ಎಣಸೂದಾ?”

ಒಳಗಿಂದ ಹೆಂಡತಿಯ ನಗು ಕೇಳಿಸಿತು. ಶೀಸೆಯನ್ನು ಕಾಗದದ ಮೇಲೆ ಸುರಿದು ಮತ್ತೆ ಅಳೆದೆ. ಐದು. ಒಳಗೆ ಹೋಗಿ ಹಳೆಯ ಗುರಿಹಾಳೆಗಳನ್ನು ತಂದೆ. ಐದು ಅಳತೆಯ ದಿನದ ಹಾಳೆಯ ಮೇಲೆ ದಾರಿತಪ್ಪಿದ ಗುಂಡುಗಳ ಹಾಳೆ ಇಟ್ಟು ಬಿಸಿಲಿಗೆ ಹಿಡಿದೆ. ತೂತುಗಳು ಒಂದರ ಮೇಲೊಂದು ಕೂತವು. ನಾಲ್ಕು ಬೆರಳು ಮೇಲೆ, ಸ್ವಲ್ಪ ಎಡಕ್ಕೆ. ಉತ್ತರ ಎರಡು ತಿಂಗಳಿಂದ ನನ್ನ ಕಪಾಟಿನಲ್ಲೇ ಇತ್ತು. ಕೋವಿಯ ಶಕ್ತಿಗೆ ಐದು ಅಳತೆ ಅಪಾಯವಲ್ಲ, ಅಷ್ಟು ಮಟ್ಟಿಗೆ ನನ್ನ ಅದೃಷ್ಟ. ಕೋವಿಯದೇನೂ ತಪ್ಪಿರಲಿಲ್ಲ.

ಆ ಸಂಜೆ ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಿನ ಕಾಫಿ ಹೊತ್ತು.

“ಅಮ್ಮ, ಮಾವ ಕೋವಿಗೆ ಮದ್ದು ಅಳೀವಾಗ ಹೆಂಗೆ ಎಣಿಸ್ತಿದ್ದ? ಲಾಭ ಆದ್ಮೇಲೆ ಒಂದು ಅಂತಿದ್ನಾ, ಎರಡು ಅಂತಿದ್ನಾ?”

“ಅವನೆಲ್ಲಿ ಅಳೀತಿದ್ದ ಕಣೋ? ಅಂಗೈಗೆ ಸುರ್ಕೊಂಡು ಹಾಕ್ತಿದ್ದ. ಅದಕ್ಕೇ ಒಂದು ಹಂದಿನೂ ಬೀಳ್ಲಿಲ್ಲ.”

“ಮತ್ತೆ ಹಿತ್ತಾಳೆ ಅಳತೆ? ಜಗಲೀಲಿ?”

“ಅದು ನಾನು, ರಾಗಿ ಅಳೀತಿದ್ದಿದ್ದು. ಹಿತ್ತಾಳೇದಲ್ಲ, ಕಬ್ಬಿಣದ ಸೇರು. ನೀನು ಪಕ್ಕದಲ್ಲಿ ಕೂತ್ಕೊಂಡು ಒಂದು, ಎರಡು ಅಂತ ನನ್ನ ಲೆಕ್ಕ ತಪ್ಪಿಸ್ತಿದ್ದೆ. ಏಟು ತಿಂದಿದ್ದು ಮರ್ತೋಯ್ತಾ?”

ಮರೆತಿತ್ತು. ಏಟು ಮಾತ್ರವಲ್ಲ, ಎಲ್ಲವೂ. ಅಮ್ಮನ ಸೇರನ್ನೂ ಮಾವನ ಕೋವಿಯನ್ನೂ ಸೇರಿಸಿ ನಾನೇ ಒಂದು ಚಿತ್ರ ಹೊಲಿದಿದ್ದೆ, ಅದನ್ನು ನಂಬಿ ಮದ್ದು ಆರಿಸಿದ್ದೆ.

ಆದರೂ ಒಂದು ವಾರ ಹಗುರವಾಗಿದ್ದೆ. ಜಿಂಕೆ ಸಿಗದೇ ಹೋದದ್ದು ಶೀಸೆಯಿಂದ, ಕೈಯಿಂದಲ್ಲ. ಲೆಕ್ಕದ ತಪ್ಪು, ಸರಿಪಡಿಸಬಹುದಾದದ್ದು. ಆಮೇಲೆ ನನ್ನ ಸ್ವಭಾವ ಬಿಡಲಿಲ್ಲ. ನೂರು ಗಜದಲ್ಲಿ ನಾಲ್ಕು ಬೆರಳು ಸರಿ, ಆದರೆ ಎಪ್ಪತ್ತು ಗಜದಲ್ಲಿ? ಇನ್ನೊಂದು ಶನಿವಾರ ಉತ್ತರದ ಆ ಕಾಡಿಗೆ ಒಬ್ಬನೇ ಡ್ರೈವ್ ಮಾಡಿಕೊಂಡು ಹೋದೆ. ನಾನು ಕೂತಿದ್ದ ಓಕ್ ಮರದ ಬುಡದಿಂದ ಜಿಂಕೆ ನಿಂತಿದ್ದ ಬೀಚ್ ಮರದವರೆಗೆ ಗಜಕ್ಕೊಂದು ಹೆಜ್ಜೆ ಹಾಕಿ ಎಣಿಸಿದೆ. ಒಂದು ಎಂದೇ ಶುರು ಮಾಡಿದೆ. ನಲವತ್ತೊಂದು. ಹಿಂದಕ್ಕೆ ಬಂದು ಮತ್ತೆ ಎಣಿಸಿದೆ. ನಲವತ್ತು.

ನಲವತ್ತು ಗಜದಲ್ಲಿ ಒಂದು ಅಳತೆ ಹೆಚ್ಚಾದರೆ ಗುಂಡು ಒಂದು ಬೆರಳು ಏರಬಹುದು. ಒಂದು ಬೆರಳಿಗೆ ಯಾವ ಜಿಂಕೆಯೂ ತಪ್ಪಿಸಿಕೊಂಡು ಹೋಗುವುದಿಲ್ಲ. ಶೀಸೆಯಲ್ಲಿ ನಾಲ್ಕಿತ್ತೋ ಐದಿತ್ತೋ ಎಂಬುದರಿಂದ ಏನೂ ಬದಲಾಗುತ್ತಿರಲಿಲ್ಲ.

ಅಂಕಲ್‌ಗೆ ಹೇಳಿದೆ. ಮುಂದಿನ ಸಲ ರೇಂಜಿನಲ್ಲಿ ಅವರು ನನ್ನ ಕೋವಿ ತೆಗೆದುಕೊಂಡು, “ಈಗ ನಾ ತುಂಬತೀನಿ. ನೀ ಅತ್ತಾಗ ನೋಡಕೋತ ನಿಂದ್ರು,” ಎಂದರು. ಗಜ ಇಳಿಯುವ ಸದ್ದು ಕೇಳಿಸಿತು. ಕೋವಿ ಕೈಗೆ ಬಂತು. ನಿಂತೇ ಗುರಿ ಹಿಡಿದೆ, ಉಸಿರು ಅರ್ಧ ಬಿಟ್ಟೆ, ಟ್ರಿಗರ್ ಎಳೆದೆ. ಟಿಕ್ ಎಂದಿತು ಅಷ್ಟೆ. ಸಿಡಿಯಲಿಲ್ಲ. ಆದರೆ ಸಿಡಿಯುತ್ತದೆಂದು ಬೆಚ್ಚಿದ್ದ ನನ್ನ ಕೈಯಲ್ಲಿ ನಳಿಗೆಯ ತುದಿ ಒಂದು ಗೇಣು ಕೆಳಗೆ ಕುಕ್ಕಿತ್ತು, ನನ್ನ ಕಣ್ಣು ಮುಚ್ಚಿತ್ತು.

“ಒಳಗ ಏನೂ ಇರಲಿಲ್ಲ. ಮದ್ದೂ ಇಲ್ಲ, ಗುಂಡೂ ಇಲ್ಲ,” ಎಂದರು ಅಂಕಲ್. “ಇನ್ನ ಮ್ಯಾಲೆ ಯಾವುದನ್ನ ಟ್ಯೂನ್ ಮಾಡಬೇಕು ಗೊತ್ತಾತಿಲ್ಲ?”

“ನೂರು ಗಜದಲ್ಲಿ ಗುಂಡೆಲ್ಲ ಒಟ್ಟಿಗೇ ಬೀಳ್ತಿತ್ತಲ್ಲ ಅಂಕಲ್?”

“ಬೆಂಚಿನ ಮ್ಯಾಲೆ ಉಸುಕಿನ ಚೀಲ ಹಿಡದಿತ್ತು, ನೀ ಹಿಡದಿದ್ದಿಲ್ಲ. ಕಾಡಿನಾಗ ಚೀಲ ಯಾರ ಹಿಡೀತಾರ?”

ಆಮೇಲಿನ ಆರು ವಾರ ಪ್ರತಿ ಸಂಜೆ ಖಾಲಿ ಕೋವಿಯ ನಳಿಗೆಯ ತುದಿಯಲ್ಲಿ ಕಾಲು ಡಾಲರಿನ ಒಂದು ನಾಣ್ಯ ಇಟ್ಟು ಗೋಡೆಯ ಕಡೆ ಟ್ರಿಗರ್ ಎಳೆದೆ. ನಾಣ್ಯ ಬೀಳಬಾರದು. ಬಿತ್ತು. ಎತ್ತಿಟ್ಟೆ. ಬಿತ್ತು. ಅಡುಗೆಮನೆಯಲ್ಲಿದ್ದ ಹೆಂಡತಿ ಸದ್ದು ಕೇಳಿಯೇ “ಹನ್ನೆರಡು,” “ಹದಿಮೂರು” ಎನ್ನುತ್ತಿದ್ದಳು. ಒಂದು ದಿನ ಸದ್ದಿಲ್ಲದೆ ಹೋದಾಗ ಇಣುಕಿ ನೋಡಿ, “ಏನ್ರೀ, ಬದುಕಿದೀರಾ?” ಎಂದಳು.

ಮೊದಲ ಶನಿವಾರ ಚೀಲವಿಲ್ಲದೆ ನೆಲದ ಮೇಲೆ ಕೂತು, ಮೊಣಕಾಲಿಗೆ ಮೊಣಕೈ ಊರಿ, ಒಂದೇ ಗುಂಡು ಹೊಡೆದೆ. ಸಾಸರಿನ ಒಳಗೆ. ಎರಡನೇ ಶನಿವಾರ ಒಳಗೆ. ಮೂರನೆಯದು ಸೀಸನ್‌ಗೆ ಮೊದಲಿನ ಕೊನೆಯ ಶನಿವಾರ. ಬೆರಳು ಮರಗಟ್ಟುವ ಚಳಿ. ಹೊಡೆದು, ಹಾಳೆಯನ್ನು ನೋಡದೆಯೇ ಸುತ್ತಿಕೊಂಡು ಮನೆಗೆ ತಂದೆ. ಊಟದ ಟೇಬಲ್ಲಿನ ಮೇಲೆ ಬಿಡಿಸಿ, ಹೆಂಡತಿ ಗುರಿಯ ನಟ್ಟನಡುವೆ ಸಾಸರನ್ನು ಬೋರಲು ಹಾಕಿ, ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಳು. ತೂತು ಗೆರೆಯ ಮೇಲೆಯೇ ಇತ್ತು. ಅರ್ಧ ಒಳಗೆ, ಅರ್ಧ ಹೊರಗೆ.

ಫೋನಿನಲ್ಲಿ ಅಂಕಲ್ ಗದರಿದರು. “ಗೀಟ ಮುಟ್ಟಿದ್ರ ಒಳಗ ಅಂತನ ಲೆಕ್ಕ. ಎಲ್ಲಾ ಕಡೆ ಹಂಗ ಐತಿ. ಸುಮ್ನ ಬಾ.”

ನನಗೂ ಹಾಗೇ ನೆನಪಿತ್ತು. ಗೆರೆ ಮುಟ್ಟಿದರೂ ಸಾಕು ಎಂದೇ ನಿಯಮ ಬರೆದಿದ್ದೆ. ಪೆನ್ನು ಹಿಡಿದದ್ದು, ಆ ಸಾಲನ್ನು ಕೊನೆಯಲ್ಲಿ ಸೇರಿಸಿದ್ದು ಕಣ್ಣಿಗೆ ಕಟ್ಟಿದಂತಿತ್ತು. ಹೆಂಡತಿ ಫ್ರಿಜ್ಜಿನ ಕಡೆ ನೋಡಿದಳು. ಎದ್ದು ಹೋಗಿ ಓದಿದೆ. ‘ತೂತು ಪೂರ್ತಿ ಸಾಸರಿನ ಒಳಗಿರಬೇಕು’ ಎಂದಿತ್ತು, ನನ್ನದೇ ಅಕ್ಷರದಲ್ಲಿ. ‘ಪೂರ್ತಿ’ಗೆ ಕೆಳಗೆ ಎರಡು ಗೆರೆ ಬೇರೆ.

“ಅಂಕಲ್, ಬರ್ತೀನಿ. ಕೋವಿ ತರಲ್ಲ,” ಎಂದೆ.

“ಹುಚ್ಚ ಐತಿ ನಿನಗ,” ಎಂದರು. “ಆತು, ಹಗ್ಗಾದ್ರೂ ತಗೊಂಡ ಬಾ. ನಾ ಹೊಡದ್ರ ಎಳ್ಯಾಕ ಯಾರಾದ್ರೂ ಬೇಕಲ್ಲ.”

“ಬೇಟೆ ಮುಗಿದ್ಮೇಲೆ ಆ ಗೋಡೆ ಆಚೆ ಇನ್ನೊಂದ್ಸಲ ನೋಡೋಣ್ವಾ?”

“ಒಂದ ವರ್ಷ ಆತಲ್ಲೋ ತಮ್ಮಾ. ಏನ್ ಸಿಗತೈತಿ ಅಲ್ಲಿ?”

“ಗೊತ್ತಿಲ್ಲ.”

“ಟಾರ್ಚೂ ತಗೊಂಡ ಬಾ ಹಂಗಾರ,” ಎಂದು ಫೋನ್ ಇಟ್ಟರು. ಹೆಂಡತಿ ಸಾಸರು ತೊಳೆದು ಸ್ಟ್ಯಾಂಡಿಗೆ ಹಾಕಿದಳು. ನಾನು ಹಗ್ಗ ಎಲ್ಲಿಟ್ಟಿದ್ದೆ ಎಂದು ಹುಡುಕಲು ಗ್ಯಾರೇಜಿಗೆ ಹೋದೆ. ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ್ದೇನೆ ಎಂದು ಖಾತ್ರಿಯಿತ್ತು. ಅಲ್ಲಿರಲಿಲ್ಲ.