ಸಕೀನಾಬಿಯ ಹುಳಗಳಿಗೆ ಸಿಹಿನೀರು

ಸಕೀನಾಬಿಯ ಹುಳಗಳನ್ನು ಕೊಂದವನು ನಾನು. ಊರಲ್ಲಿ ಬೇರೆ ಮಾತಿದೆ, ಕಾಗದದಲ್ಲೂ ಬೇರೆ ಬರೆದಿದೆ. ಆ ಕಾಗದ ಬರೆದವನೂ ನಾನೇ.

ಮೂವತ್ತೊಂದು ವರ್ಷ ರೈತರಿಗೆ ಬುದ್ಧಿ ಹೇಳುವ ಸರ್ಕಾರಿ ನೌಕರಿ ಮಾಡಿದೆ. ಹೇಳಲಿಕ್ಕೇನು, ಬಾಯಿ ಇದ್ದರೆ ಸಾಕು. ಐಗಳಿಯ ಸಕೀನಾಬಿಗೆ ಎರೆಹುಳು ಸಾಕುವುದನ್ನು ಕಲಿಸಿದ್ದೂ ನಾನೇ. ಗಂಡ ತೀರಿಕೊಂಡ ಮೇಲೆ ಮಗಳು ಸುಲ್ತಾನಾಳನ್ನು ಕಟ್ಟಿಕೊಂಡು ಆಕೆ ಬಾಬಾಸಾಹೇಬರ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುತ್ತಿದ್ದಳು. ಅವರ ಒಣದ್ರಾಕ್ಷಿ ಶೆಡ್ಡಿನ ಹಿಂದೆ ಆರು ತೊಟ್ಟಿ ಕಟ್ಟಿಸಿ, ಒಂದು ಡಬರಿ ಹುಳ ತಂದುಕೊಟ್ಟೆ. ಜಾಗ ಬಾಬಾಸಾಹೇಬರದು, ಹುಳ ಆಕೆಯವು. ತೋಟಕ್ಕೆ ಬೇಕಾದಷ್ಟು ಗೊಬ್ಬರ ಅವರಿಗೆ, ಉಳಿದದ್ದು ಆಕೆಗೆ ಎಂದು ಮಾತಾಯಿತು. ಗೇಣು ಮಣ್ಣಿಲ್ಲದ ಹೆಂಗಸಿಗೆ ಆ ಆರು ತೊಟ್ಟಿಗಳೇ ಹೊಲವಾದವು.

ಹನ್ನೊಂದು ವರ್ಷ ಸಾಕಿದಳು. ಗೊಬ್ಬರವನ್ನು ಮುಷ್ಟಿಯಲ್ಲಿ ಹಿಂಡಿದಾಗ ಎರಡು ಹನಿ ಉದುರಿದರೆ ನೀರು ಸಾಕು, ಉದುರದಿದ್ದರೆ ಇನ್ನೊಂದು ಕೊಡ. ರೋಜಾದ ದಿನಗಳಲ್ಲಿ ತಾನು ಗುಟುಕು ನೀರು ಮುಟ್ಟದೆ, ಮಧ್ಯಾಹ್ನದ ಬಿಸಿಲಲ್ಲಿ ಬೋರಿನಿಂದ ಕೊಡ ಹೊತ್ತು ತಂದು ಸುರಿಯುತ್ತಿದ್ದಳು. ಹುಳ ಎನ್ನುತ್ತಿರಲಿಲ್ಲ, "ನಮ್ಮ ಮಂದಿ" ಎನ್ನುತ್ತಿದ್ದಳು. ಬಳ್ಳಿ ಸವರುವ ಚಾಟಣಿ ಮುಗಿದಾಗ ಕತ್ತರಿಸಿದ ಎಲೆ, ಎಳೆ ಕಡ್ಡಿ ಎಲ್ಲ ಆ ತೊಟ್ಟಿಗಳಿಗೇ ಬೀಳುತ್ತಿತ್ತು. ಎಲೆಗಳ ಮೇಲೆ ಮೋರಚೂದದ ನೀಲಿ ಕಲೆ. ಮೋರಚೂದ ಎಂದರೆ ಮೈಲುತುತ್ತ, ಬಳ್ಳಿಯ ರೋಗಕ್ಕೆ ಹೊಡೆಯುವ ತಾಮ್ರದ ಔಷಧಿ. ವರ್ಷದಿಂದ ವರ್ಷಕ್ಕೆ ತಾಮ್ರ ತೊಟ್ಟಿಯಲ್ಲಿ ಸೇರುತ್ತಲೇ ಇತ್ತು, ಹುಳಕ್ಕೆ ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಬುದ್ಧಿವಂತನಾದ ನಾನು ಒಮ್ಮೆಯೂ ಯೋಚಿಸಲಿಲ್ಲ.

ಅಲ್ಲಿಯ ಬೋರಿನ ನೀರು ಬಲು ಗಡಸು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಕೊಡದೊಳಗೆ ಬಿಳಿ ಸುಣ್ಣ ಕಟ್ಟುತ್ತದೆ. ಮನೆಗೆ ಬಂದವರಿಗೆ ಅದನ್ನು ಕೊಟ್ಟರೆ ಅವಮಾನ ಮಾಡಿದಂತೆ. ಸಕೀನಾಬಿ ನನಗೆಂದೇ ತಂಬಿಗೆಯಲ್ಲಿ ಸಿಹಿನೀರು, ಜೊತೆಗೆ ಬೆಲ್ಲದ ತುಣುಕು ಇಡುತ್ತಿದ್ದಳು. ತಾನು ಬೋರಿನದೇ ಕುಡಿಯುತ್ತಿದ್ದಳು.

ಹೋದ ವರ್ಷ ಬಾಬಾಸಾಹೇಬರು ಪ್ಲಾಸ್ಟಿಕ್ ಹಾಸಿದ ಹೊಂಡ ತೋಡಿಸಿ ಮಳೆನೀರು ಹಿಡಿದರು. ತಿಳಿಯಾದ ನೀರು ಕಂಡು ನನ್ನ ನಾಲಗೆ ಸುಮ್ಮನಿರಲಿಲ್ಲ. ಮನುಷ್ಯರಿಗೇ ಸೇರದ ನೀರು ಹುಳಕ್ಕೆ ಯಾಕೆ, ಇನ್ನು ಹೊಂಡದ್ದೇ ಹಾಕು ಎಂದೆ. ಆಕೆ ಹಿಂಜರಿದಳು.

"ಇವು ಬೋರಿನ ನೀರಾಗನ ಹುಟ್ಯಾವ್ರಿ ಸಾಹೇಬ್ರ. ರೂಢಿ ಆಗೇತಿ."

ಸಿಹಿನೀರು ಯಾರಿಗೆ ಬೇಡ ಎಂದು ನಗೆಯಾಡಿದೆ. ಬಾಬಾಸಾಹೇಬರು ಪೈಪು ಎಳೆಸಿದರು. ಐದು ತೊಟ್ಟಿಗೆ ಪೈಪು ಮುಟ್ಟಿತು, ಮೂಲೆಯ ಆರನೆಯದಕ್ಕೆ ಮುಟ್ಟಲಿಲ್ಲ. ಅದಕ್ಕೆ ಆಕೆ ಬೋರಿನ ಕೊಡ ಹೊರುವುದು ತಪ್ಪಲಿಲ್ಲ.

ನಾಲ್ಕು ತಿಂಗಳಿಗೆ ಹುಳಗಳು ತೊಟ್ಟಿಯ ಗೋಡೆ ಹತ್ತತೊಡಗಿದವು. ಆಮೇಲೆ ಬಾತು, ಮೈ ಒಡೆದು ಸತ್ತವು. ಐದೂ ತೊಟ್ಟಿಗಳನ್ನು ಸಕೀನಾಬಿ ಕೈಯಿಂದ ಬಗೆದು ತೋರಿಸಿದಳು, ಒಂದೂ ಜೀವ ಇರಲಿಲ್ಲ. ಆಕೆ ಅತ್ತಳು. ಹುಳಕ್ಕೂ ಅಳುತ್ತಾರೇನೆಂದು ಕೂಲಿಯವರು ನಕ್ಕಾಗ ನನಗೆ ಮೈ ಉರಿಯಿತು. ಆರನೆಯ ತೊಟ್ಟಿಯಲ್ಲಿ ಹುಳಗಳು ಮೊದಲಿನಂತೆಯೇ ಮಿಸುಕಾಡುತ್ತಿದ್ದವು. ಅದನ್ನೂ ಕಂಡು ಕಾಣದಂತಿದ್ದೆ. ಆರೂ ತೊಟ್ಟಿಗಳ ಗೊಬ್ಬರ ಮತ್ತು ಎರಡೂ ನೀರನ್ನು ಪರೀಕ್ಷೆಗೆ ಕಳಿಸಿದೆ.

ಪರೀಕ್ಷೆಯ ವರದಿ ಬರುವ ತನಕ ಬಾಬಾಸಾಹೇಬರು ಕಾಯಲಿಲ್ಲ. ಕಾರಣ ಬರೆದುಕೊಡಿ, ಆಕೆಯ ತಪ್ಪಿದ್ದರೆ ಜಾಗ ಬಿಡಿಸುತ್ತೇನೆ ಎಂದರು. ಅವರಿಗೆ ಟ್ರ್ಯಾಕ್ಟರ್ ನಿಲ್ಲಿಸಲು ಜಾಗ ಬೇಕಿತ್ತು. ನನ್ನ ನಿವೃತ್ತಿಗೆ ಎರಡು ತಿಂಗಳಿತ್ತು. ಸಾಕುವವರ ನಿರ್ಲಕ್ಷ್ಯ ಎಂದು ಬರೆದು ಸಹಿ ಹಾಕಿದೆ.

ಎಂಟು ದಿನಕ್ಕೆ ಪ್ರಯೋಗಾಲಯದ ಕುಸುಮ ಎಂಬಾಕೆ ಫೋನ್ ಮಾಡಿದಳು. ತಾಮ್ರ ಆರೂ ತೊಟ್ಟಿಗಳಲ್ಲಿ ಹೆಚ್ಚುಕಡಿಮೆ ಒಂದೇ, ಬೇರೆಯಾದದ್ದು ನೀರು ಎಂದಳು. ಎರೆಹುಳು ಒದ್ದೆ ತೊಗಲಿನಿಂದಲೇ ಉಸಿರಾಡುತ್ತದೆ. ಗಡಸು ನೀರಿನ ಸುಣ್ಣದಂಶ ಆ ತೊಗಲಿನ ಮೇಲೆ ಮೊದಲೇ ಜಾಗ ಹಿಡಿದು ಕೂತು ತಾಮ್ರಕ್ಕೆ ಎಡೆ ಕೊಡುವುದಿಲ್ಲ. ಮಳೆನೀರಿನಲ್ಲಿ ಸುಣ್ಣವಿಲ್ಲ, ತುಸು ಹುಳಿ ಬೇರೆ. ಇದ್ದ ಸುಣ್ಣವೂ ತೊಳೆದುಹೋಗಿ, ಹನ್ನೊಂದು ವರ್ಷ ಕಟ್ಟುಬಿದ್ದಿದ್ದ ತಾಮ್ರ ಬಿಚ್ಚಿಕೊಂಡು ಹುಳದ ಮೈ ಸೇರಿತು.

"ಹೊಂಡದ ನೀರ್ ಹಾಕಂತ ಹೇಳಿದವ್ರ್ಯಾರ್ರಿ ಸರ್?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಕಾಗದ ತಿದ್ದಲು ಇನ್ನೂ ಸಮಯವಿತ್ತು. ತಿದ್ದಲಿಲ್ಲ. ಹಾರ ಹಾಕಿಸಿಕೊಂಡು, ಶಾಲು ಹೊದ್ದು ಮನೆಗೆ ಬಂದೆ. ಥೂ, ನನ್ನ ಜನ್ಮಕ್ಕಿಷ್ಟು.

ಹೋದ ವಾರ ಐಗಳಿಗೆ ಹೋದೆ. ಶೆಡ್ಡಿನ ಹಿಂದೆ ಟ್ರ್ಯಾಕ್ಟರ್ ನಿಂತಿತ್ತು. ಸಕೀನಾಬಿ ಮತ್ತೆ ಕೂಲಿಗೆ ಹೋಗುತ್ತಿದ್ದಾಳೆ. ಅಂಗಳದ ಒಡಕು ಬಾನಿಯಲ್ಲಿ ಆರನೆಯ ತೊಟ್ಟಿಯ ಹುಳಗಳನ್ನು ಹಾಕಿ ಹಸಿ ಗೋಣಿ ಮುಚ್ಚಿದ್ದಳು. ಆಡಿನ ಹಿಕ್ಕೆ, ಮನೆಯ ಕಸ ಇತ್ತು, ದ್ರಾಕ್ಷಿ ಎಲೆ ಒಂದೂ ಇರಲಿಲ್ಲ. ನೀರಿನದು, ತಾಮ್ರದ್ದು ಎಲ್ಲ ಹೇಳಿದೆ. ಕಾಗದದ ಮಾತು ಮಾತ್ರ ಎತ್ತಲಿಲ್ಲ.

"ಆರನೇದು ಬದುಕಿದಾಗನ ನನಗ ತಿಳದಿತ್ರಿ," ಎಂದಳು. "ಬಾಬಾಸಾಹೇಬ್ರಿಗೂ ಹೇಳಿದ್ನಿ. ಸರಕಾರಿ ಸಾಹೇಬ್ರು ಬರದ ಕೊಟ್ಟಾರ, ನಿಂದೇನ ಕೇಳೂದು ಅಂದ್ರು. ನೀವು ಬರದದ್ದು ಸುಲ್ತಾನಾ ಓದಿ ಹೇಳ್ಯಾಳ್ರಿ."

ಒಳಗೆ ಹೋಗಿ ತಂಬಿಗೆ ತಂದಿಟ್ಟಳು. ಬೆಲ್ಲ ಇರಲಿಲ್ಲ. ಬಾಯಿಗಿಟ್ಟರೆ ಬೋರಿನ ನೀರು. ಆಕೆ ಎದುರಿಗೇ ನಿಂತಿದ್ದಳು. ತಳದ ಸುಣ್ಣ ನಾಲಗೆಗೆ ಹತ್ತುವ ತನಕ ಕುಡಿದೆ.