ಕಪಾಟಿನಲ್ಲಿ ಉಳಿದಿದ್ದ ಹೃದಯ

ಮೊನ್ನೆ ಲಂಡನ್ನಿನ ಹ್ಯಾರೋದಲ್ಲಿ ನಮ್ಮ ಜಿಪಿ ಡಾಕ್ಟರು ನನ್ನ ಬೆನ್ನಿನ ಗಂಟೊಂದನ್ನು ತೆಗೆದು, ಪರೀಕ್ಷೆಗೆಂದು ಪುಟ್ಟ ಡಬ್ಬಿಗೆ ಹಾಕಿದರು. ಅದರಲ್ಲಿದ್ದ ಫಾರ್ಮಲಿನ್ ದ್ರವದ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹಳೆಯ ನೆರೆಮನೆಯ ಬಾಯಮ್ಮ ನೆನಪಾದರು. ಅವರ ಸ್ವೆಟರಿನ ತೋಳಿನಿಂದ ಆ ವಾಸನೆ ಹೋಗುತ್ತಲೇ ಇರಲಿಲ್ಲ…

ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಸಾವಿನ ತನಿಖೆ ಮಾಡುವ ಕೊರೋನರ್ ಕಚೇರಿಯ ಹಿಂದಿನ ಲ್ಯಾಬಿನಲ್ಲಿ ಕೆಲಸ. ಹಠಾತ್ತನೆ ಸತ್ತವರನ್ನೆಲ್ಲ ಪರೀಕ್ಷೆಗೆ ತರುತ್ತಿದ್ದ, ಕೆಂಪು ಇಟ್ಟಿಗೆಯ ಹಳೇ ಕಟ್ಟಡ ಅದು. ತೊಂಬತ್ತರ ದಶಕದಲ್ಲಿ ನನ್ನ ಗಂಡನನ್ನೂ ಅಲ್ಲಿಗೇ ಒಯ್ದರು. ಬೆಳಿಗ್ಗೆ ಆಫೀಸಿಗೆ ಹೊರಟವರು ಟ್ಯೂಬ್ ರೈಲಿನ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕುಸಿದಿದ್ದರು. ದೇಹ ಕೈಗೆ ಸಿಗಲು ಹನ್ನೊಂದು ದಿನ ಬೇಕಾಯಿತು. ದಹನ ಮಾಡಿ, ಬೂದಿಯನ್ನು ಊರಿನ ಹೊಳೆಗೆ ಬಿಟ್ಟು ಬಂದೆ. ಎಲ್ಲ ಮುಗಿಯಿತು ಅಂದುಕೊಂಡೆ.

ಮೂರು ವರ್ಷದ ಮೇಲೆ ಒಂದು ಸಂಜೆ ಬಾಯಮ್ಮ ಬಾಗಿಲು ತಟ್ಟಿದರು. ಕೋಟು ಕೂಡ ಬಿಚ್ಚಲಿಲ್ಲ.

"ಲ್ಯಾಬ್ ಬೇರೆ ಕಡೆ ಹೋಗ್ತಾ ಉಂಟು. ಜಾಡಿಗಳ ಪಟ್ಟಿ ಮಾಡುವಾಗ ನಿನ್ನ ಯಜಮಾನರ ಹೆಸರು ಕಂಡಿತು. ಪರೀಕ್ಷೆಗೆ ತೆಗೆದಿಟ್ಟ ಅವರ ಹೃದಯ ಇನ್ನೂ ಅಲ್ಲೇ ಕಪಾಟಿನಲ್ಲಿ ಉಂಟು, ಮಗಾ."

ಕಚೇರಿಗೆ ಬರೆದೆ. ಅಂಥದ್ದೇನೂ ಇಲ್ಲ ಎಂದರು. ಮತ್ತೆ ಬರೆದೆ, ಖುದ್ದಾಗಿ ಹೋದೆ. ಕೌಂಟರಿನವನದು ಒಂದೇ ಪ್ರಶ್ನೆ: "ನಿಮಗೆ ಯಾರು ಹೇಳಿದರು?" ನಾನು ಹೆಸರು ಹೇಳಲಿಲ್ಲ. ಏಳು ತಿಂಗಳು ಹೀಗೇ ಅಲೆದೆ… ಕೊನೆಗೆ ಬಾಯಮ್ಮನೇ, ಜಾಡಿ ಕಂಡದ್ದು ತಾನೇ ಎಂದು ಹೇಳಿಕೆ ಬರೆದು ಸಹಿ ಹಾಕಲು ಕೂತರು.

"ಬೇಡ ಬಾಯಮ್ಮ, ಕೆಲಸ ಹೋದೀತು."

"ಹೋದರೆ ಹೋಗಲಿ ಮಾರಾಯ್ತಿ. ನಿನ್ನ ಮುಖ ನೋಡಿಕೊಂಡು ಇನ್ನೆಷ್ಟು ದಿನ ಸುಮ್ಮನಿರಲಿ?"

ಮುಂದಿನ ವಾರವೇ ಕಚೇರಿಯವರು ಮುಚ್ಚಿದ ಪೆಟ್ಟಿಗೆಯೊಂದನ್ನು ಕೊಟ್ಟರು. ಜೊತೆಗೊಂದು ಪತ್ರ, ಅಂದಿನ ಕ್ರಮದಂತೆಯೇ ಎಲ್ಲ ನಡೆದಿದೆ ಎಂದು. ಕ್ಷಮೆ ಎಂಬ ಮಾತಿಗಾಗಿ ಎರಡೂ ಬದಿ ತಿರುವಿ ಹುಡುಕಿದೆ. ಎರಡನೆಯ ಬಾರಿ ದಹನಕ್ಕೆ ನಿಂತಾಗ ನನ್ನ ಪಕ್ಕದಲ್ಲಿದ್ದದ್ದು ಬಾಯಮ್ಮ ಒಬ್ಬರೇ.

ಹೊಸ ಲ್ಯಾಬಿನಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಗುಟ್ಟು ಹೊರಹಾಕಿದರಂತೆ! ಇಲ್ಲ ಇಲ್ಲ ಎಂದು ಸುಳ್ಳು ಹೇಳಿದವರು ಮಾತ್ರ ಅಲ್ಲಿಗೂ ಹೋಗಿ ಕೂತರು. ನೆನೆದರೆ ಈಗಲೂ ಮೈ ಉರಿಯುತ್ತದೆ. ಬಾಯಮ್ಮ ಶಾಲೆಯೊಂದರ ಅಡುಗೆಮನೆ ಸೇರಿ, ಲಂಡನ್ನಿನ ಇನ್ನೊಂದು ತುದಿಯ ಟೂಟಿಂಗ್ ಕಡೆಗೆ ಮನೆ ಬದಲಿಸಿದರು. ಮೊದಮೊದಲು ಕ್ರಿಸ್ಮಸ್‌ಗೆ ಫೋನ್ ಮಾಡುತ್ತಿದ್ದೆ. ಆಮೇಲೆ ಅದೂ ತಪ್ಪಿತು.

ಕ್ಲಿನಿಕ್ಕಿನಿಂದ ಬಂದವಳೇ ಹಳೇ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಮಗಳು. ಬಾಯಮ್ಮ ತೀರಿಹೋಗಿ ಎರಡು ವರ್ಷವಾಯಿತಂತೆ. ಅವಳಿಗೆ ಏನೂ ಗೊತ್ತಿರಲಿಲ್ಲ. ಬೇಸರವಾಗಿ ತಾನೇ ಲ್ಯಾಬ್ ಬಿಟ್ಟೆ ಎಂದಿದ್ದರಂತೆ. ನಾನು ಎಲ್ಲ ಹೇಳಿದೆ. ಆಮೇಲೆ ಅವಳು ಇಂಗ್ಲಿಷಿನಲ್ಲೇ ಮೆಲ್ಲಗೆ ಹೇಳಿದಳು:

"ಅಷ್ಟು ಒಳ್ಳೆ ಕೆಲಸ ಬಿಟ್ಟೆ ಅಂತ ಅಮ್ಮನನ್ನು ಕೊನೆಯವರೆಗೂ ಬೈದೆ, ಆಂಟಿ."